ಬಾಲದ ಕೇರಿಗೆ ಬಂದ ಗಾಳಿ

ನಮ್ಮೂರಿಗೆ ಬರುವ ಮನಸ್ಸಿದ್ದರೆ ಮಂಗಳವಾರ ಬನ್ನಿ. ಅವತ್ತು ಪೇಟೆ ಬೀದಿಗೆ ಗಾಳಿ ಬಿಡುತ್ತಾರೆ. ಸೋಮವಾರ ಬಂದಿರೋ, ಹಿಂದಿನ ಗುರುವಾರ ಯಾರೋ ಹುರಿದ ಬಂಗಡೆಯ ವಾಸನೆ ಬಸ್ ಸ್ಟ್ಯಾಂಡಿನ ಬಾಗಿಲಲ್ಲೇ ನಿಂತಿರುತ್ತದೆ. ಅದನ್ನು ಸುತ್ತುಹಾಕಿಕೊಂಡು ಊರೊಳಗೆ ಬರಬೇಕು. ಗೊತ್ತಿಲ್ಲದವರು ನೇರ ನುಗ್ಗಿ ಊಟದ ಹೊತ್ತಿನವರೆಗೂ ಕೆಮ್ಮುತ್ತಾರೆ. ನಮ್ಮಲ್ಲಿ ಗಾಳಿ ತಾನಾಗಿ ಬೀಸುವುದಿಲ್ಲ. ಗಾಳಿ ಇದೆ, ಉಸಿರಾಡುತ್ತೇವೆ, ಬದುಕಿದ್ದೇವೆ. ಆದರೆ ಅದು ಇದ್ದಲ್ಲೇ ಇರುತ್ತದೆ, ಹಬ್ಬಕ್ಕೆ ಬಂದು ಉಂಡು ಮಲಗಿದ ಅಳಿಯನ ಹಾಗೆ. ಒತ್ತಿ ತುಂಬಿ ಬಿಟ್ಟರೆ ಮಾತ್ರ ಹರಿಯುತ್ತದೆ. ಒತ್ತುವ ಹಕ್ಕು ಗಾಳಿ ಇಲಾಖೆಯದು. ಗುಡ್ಡದ ಮೇಲೆ ಗಾಳಿಮನೆ ಇದೆ. ಅಲ್ಲಿಂದ ಕೊಳವೆಯಲ್ಲಿ ಬೀದಿಗೊಂದು ದಿನದಂತೆ ಸರದಿ ಪ್ರಕಾರ ಬಿಡುತ್ತಾರೆ.

ಇದಕ್ಕೆ ಹೊಂದಿಕೊಂಡುಬಿಟ್ಟಿದ್ದೇವೆ. ಗಾಳಿಯ ದಿನ ಬಟ್ಟೆ ಒಗೆಯುತ್ತೇವೆ, ಸಂಡಿಗೆ ಹಾಕುತ್ತೇವೆ, ರಾಗಿ ತೂರುತ್ತೇವೆ. ಹೆಣ್ಣು ನೋಡಲು ಬರುವವರಿಗೂ ಅದೇ ದಿನ ಬರಹೇಳುತ್ತೇವೆ, ಹುಡುಗಿಯ ಮುಂಗುರುಳು ಒಂದಿಷ್ಟು ಹಾರಲಿ ಅಂತ. ಉಳಿದ ದಿನಗಳಲ್ಲಿ ಮದುವೆ ಮನೆಯ ಫ್ಯಾನು ಸುಮ್ಮನೆ ತಿರುಗುತ್ತದೆ, ಗಾಳಿ ಬರುವುದಿಲ್ಲ. ಆದರೂ ತಿರುಗಿಸುತ್ತಾರೆ, ಬೀಗರಿಗೆ ಮರ್ಯಾದೆ. ಬಾವುಟ ಏರಿಸುವ ದಿನ ಇಬ್ಬರು ಜವಾನರು ಏಣಿ ಹತ್ತಿ ಬಾವುಟದ ತುದಿ ಹಿಡಿದು ಅಲ್ಲಾಡಿಸುತ್ತಾರೆ, ನಾವು ಕೆಳಗಿನಿಂದ ಚಪ್ಪಾಳೆ ತಟ್ಟುತ್ತೇವೆ. ಬೀಡಿ ಹೊಗೆ ಬಿಟ್ಟ ಜಾಗದಲ್ಲೇ ನಿಲ್ಲುತ್ತದೆ. ನಾನೊಮ್ಮೆ ಅಂಚೆ ಕಚೇರಿಯ ತಿರುವಿನಲ್ಲಿ ಬಿಟ್ಟ ಹೊಗೆಯನ್ನು ನಾಲ್ಕು ದಿನದ ಮೇಲೆ ಅದೇ ತಿರುವಿನಲ್ಲಿ ಮತ್ತೆ ಭೇಟಿಯಾದೆ. ಸುರುಳಿ ಕೂಡ ಬಿಚ್ಚಿರಲಿಲ್ಲ. ನನ್ನದೇ ಹೊಗೆ ಅಂತ ಹೇಗೆ ಗೊತ್ತಾಯಿತು ಅಂದರೆ, ಅಷ್ಟು ದುಂಡಗಿನ ಸುರುಳಿ ಬಿಡುವವನು ಈ ಸೀಮೆಯಲ್ಲಿ ಇನ್ನೊಬ್ಬನಿಲ್ಲ.

ನಾನು ಬೋರಲಿಂಗ. ಈ ಹೆಸರು ನೀವು ಕೇಳಿಲ್ಲದಿದ್ದರೆ ತಪ್ಪು ನಿಮ್ಮ ಊರಿನದು. ತಾನಾಗಿ ಹರಿಯದ ಗಾಳಿ ಎಂಜಿನ್ನಿನೊಳಕ್ಕೆ ಮಾತ್ರ ತಾನಾಗಿ ಹೋದೀತೇ? ಹಾಗಾಗಿ ನಮ್ಮೂರಲ್ಲಿ ಟರ್ಬೊ ಇಲ್ಲದ ಗಾಡಿಯೇ ಇಲ್ಲ. ಹಾಲಿನ ಆಟೋಗೂ ಟರ್ಬೊ, ಹೆಣ ಹೊರುವ ವ್ಯಾನಿಗೂ ಟರ್ಬೊ. ಟರ್ಬೊ ಗಾಳಿಯ ಕಿವಿ ಹಿಡಿದು ಎಳೆದು ಒತ್ತುತ್ತದೆ. ಒತ್ತಿದ ಗಾಳಿ ಕಾಯುತ್ತದೆ. ಕಾದದ್ದನ್ನು ತಣಿಸಿ ಎಂಜಿನ್ನಿಗೆ ಕಳಿಸಲು ಗಾಡಿಯ ಮೂತಿಯಲ್ಲಿ ಇಂಟರ್‌ಕೂಲರ್ ಅಂತ ಒಂದು ಅಲ್ಯೂಮಿನಿಯಂ ಪೆಟ್ಟಿಗೆ, ನೋಡಲು ರೇಡಿಯೇಟರಿನ ತಮ್ಮನ ಹಾಗೆ. ಅದರಲ್ಲಿ ಕೂದಲೆಳೆಯಷ್ಟು ಬಿರುಕು ಬಿದ್ದರೂ ಸಾಕು, ಗಾಳಿ ಹೊರಗೆ ಹೋಗುತ್ತದೆ, ಗಾಡಿ ಕಪ್ಪು ಹೊಗೆ ಕಾರುತ್ತಾ ಏರಿನಲ್ಲಿ ಉಬ್ಬಸದ ಮುದುಕನಂತೆ ನಿಂತುಬಿಡುತ್ತದೆ. ಆ ಬಿರುಕು ಹಿಡಿಯುವ ಕೆಲಸ ನನ್ನದು.

ಹಿಡಿಯುವ ರೀತಿ ಹೇಳುತ್ತೇನೆ, ಕಲಿತುಕೊಂಡರೆ ಕಲಿತುಕೊಳ್ಳಿ, ಬರುವುದಂತೂ ಇಲ್ಲ. ಪೆಟ್ಟಿಗೆ ಬಿಚ್ಚಿ ಎರಡು ಬಾಯಿಗೂ ರಬ್ಬರ್ ಬಿರಡೆ ಜಡಿದು ಕ್ಲಿಪ್ಪು ಬಿಗಿಯಬೇಕು. ಒಂದು ಬಿರಡೆಯಲ್ಲಿ ಸೈಕಲ್ ಟ್ಯೂಬಿನಂಥ ವಾಲ್ವು, ಅದಕ್ಕೆ ಪಂಪು, ಪಂಪಿಗೆ ಗೇಜು. ಇಪ್ಪತ್ತೈದು ಪೌಂಡು ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಅದುಮಿ ಹಿಡಿಯಬೇಕು. ಗಾಳಿ ತುಂಬಿದ ಪೆಟ್ಟಿಗೆ ಸ್ನಾನಕ್ಕೆ ಹಿಡಿದ ಮಗುವಿನಂತೆ ಮೇಲಕ್ಕೆ ಒದೆಯುತ್ತದೆ, ಬಿಡಬಾರದು. ಸೋರಿಕೆ ಇದ್ದರೆ ಅಲ್ಲಿಂದ ಗುಳ್ಳೆ ಎದ್ದು ಬರುತ್ತದೆ, ಗೇಜಿನ ಮುಳ್ಳು ಇಳಿಯುತ್ತದೆ. ಇದು ಉಳಿದವರ ರೀತಿ. ನನಗೆ ತೊಟ್ಟಿ ಬರೀ ಸಾಕ್ಷಿಗೆ. ಗಾಡಿ ಬೀದಿಯ ಆ ಕೊನೆಯಲ್ಲಿ ತಿರುಗುವಾಗಲೇ ಎಡಗಡೆಯೋ ಬಲಗಡೆಯೋ, ಬೆಸುಗೆಯಲ್ಲೋ ಕೊಳವೆಯಲ್ಲೋ ಅಂತ ಕಿವಿ ಹೇಳಿರುತ್ತದೆ. ಒಂದು ಸಲ ತಾಲೂಕು ಕೇಂದ್ರದಲ್ಲಿ ಸೋರುತ್ತಿದ್ದ ಲಾರಿಗೆ ನಾನು ಇಲ್ಲಿ ನಿದ್ದೆಯಲ್ಲಿ ಎದ್ದು ಕೂತಿದ್ದೆ. ಅದು ಸುಳ್ಳು ಅಂತ ಎದುರಿನ ಚಹಾ ಅಂಗಡಿ ಮುನೀರ್ ಸಾಬ್ರು ಹೇಳುತ್ತಾರೆ. ಅವರಿಗೆ ನನ್ನ ಕಂಡರೆ ಹೊಟ್ಟೆಯುರಿ. ಅವರ ಒಲೆಯೂ ಸರಿಯಾಗಿ ಉರಿಯುವುದಿಲ್ಲ, ಹೊಟ್ಟೆಯಾದರೂ ಉರಿಯಲಿ ಬಿಡಿ.

ಪರೀಕ್ಷೆ ಮುಗಿದ ಮೇಲೆ ವಾಲ್ವು ಸಡಿಲಿಸಿದಾಗ ಆ ಇಪ್ಪತ್ತೈದು ಪೌಂಡೂ ಹೊರಗೆ ಬರುತ್ತದಲ್ಲ, ಅದಕ್ಕಾಗಿ ನನ್ನ ಅಂಗಡಿ ಮುಂದೆ ಸದಾ ಜನ. ತಲೆಗೆ ಎರೆದುಕೊಂಡ ಹೆಂಗಸರು ಕೂದಲು ಬಿಚ್ಚಿ ನಿಲ್ಲುತ್ತಾರೆ, ಸಾಬ್ರು ತಮ್ಮ ಹೆಗಲಿನ ಟವೆಲ್ ಹಿಡಿಯುತ್ತಾರೆ. ತೊಟ್ಟಿಯಲ್ಲಿ ಸೊಳ್ಳೆ ಮರಿ ತಿನ್ನಲಿ ಅಂತ ಒಂದು ಮೀನು ಬಿಟ್ಟಿದ್ದೇನೆ, ಹೆಸರು ದೊರೆಸಾನಿ. ಅದು ಮುದಿಯಾಗಿದ್ದರೂ ನೀರಿಗಿಳಿದ ಪ್ರತಿ ಪೆಟ್ಟಿಗೆಯನ್ನೂ ಒಂದು ಸುತ್ತು ಹಾಕಿ ನೋಡದೆ ಬಿಡುವುದಿಲ್ಲ.

ನಮ್ಮಲ್ಲಿ ಸೋರಿಕೆ ಬರೀ ರಿಪೇರಿ ವಿಷಯ ಅಲ್ಲ, ಅಪರಾಧ. ಸರದಿ ಇಲ್ಲದ ಬೀದಿಯಲ್ಲಿ ನಿಮ್ಮ ಗಾಡಿಯಿಂದ ಗಾಳಿ ಬಂದರೆ ಅದು ಗಾಳಿ ಕಳ್ಳತನ. ಗಾಡಿ ಇಲಾಖೆಯ ಪಾಲು. ಆದ್ದರಿಂದ ತಿಂಗಳಿಗೊಮ್ಮೆ ಎಲ್ಲ ಗಾಡಿಯೂ ನನ್ನಲ್ಲಿಗೆ ಬರಬೇಕು, ನಾನು ಪರೀಕ್ಷೆ ಮಾಡಿ ಮೂತಿಯ ಮೇಲೆ ಹಸಿರು ಬಣ್ಣದ ಬೊಟ್ಟು ಇಡಬೇಕು. ಈ ಕಾನೂನು ತಂದವರು ಗಾಳಿ ಸೂಪರಿಂಟೆಂಡೆಂಟ್ ಪರಶಿವಮೂರ್ತಿಯವರು. ಎತ್ತರದ ಆಳು, ಇಸ್ತ್ರಿ ಮಾಡಿದಂಥ ಮೀಸೆ. ಮನೆಯಲ್ಲಿ ತಿದಿ ಇಟ್ಟುಕೊಂಡ ಅಕ್ಕಸಾಲಿಗನನ್ನು ಹಿಡಿದವರು, ಮಗನ ಹುಟ್ಟುಹಬ್ಬಕ್ಕೆ ಬಲೂನು ಊದಿದ ಮೇಷ್ಟ್ರನ್ನು ಕಚೇರಿಗೆ ಕರೆಸಿದವರು. ಯಾರನ್ನೂ ನಂಬದ ಕಾರಣ ತಮ್ಮ ಕಾರನ್ನು ತಾವೇ ಓಡಿಸುತ್ತಿದ್ದರು. ಅವರ ಕಾರಿಗೆ ಬೊಟ್ಟು ಇಡಲು ಪರೀಕ್ಷೆ ಬೇಕಿರಲಿಲ್ಲ. ಬಣ್ಣದ ಡಬ್ಬಿ ಅವರ ಬಂಗಲೆಗೇ ಹೋಗಿ ಬರುತ್ತಿತ್ತು.

ಇನ್ನು ಬಾಲದ ಕೇರಿ. ಕೊಳವೆಯ ಕಟ್ಟಕಡೆಯಲ್ಲಿರುವುದರಿಂದ ಆ ಹೆಸರು. ಸರದಿಯಲ್ಲಿ ಅದಕ್ಕೆ ಸಿಕ್ಕಿದ್ದು ಶನಿವಾರ ಮಧ್ಯಾಹ್ನ. ಶನಿವಾರ ಗಾಳಿಮನೆ ಅರ್ಧ ದಿನ ಮಾತ್ರ, ಮಧ್ಯಾಹ್ನಕ್ಕೆ ಬೀಗ. ಕೇರಿಯವರು ಹೋಗಿ ಕೇಳಿದ್ದಕ್ಕೆ, ‘ನಿಮ್ಮ ಸರದಿಯನ್ನು ಯಾರಾದರೂ ಕಿತ್ತುಕೊಂಡಿದ್ದಾರಾ? ಇದೆಯಲ್ಲ’ ಅಂದರಂತೆ. ಇದೆಯಲ್ಲ ಅಂದುಕೊಂಡು ಅವರೂ ವಾಪಸು ಬಂದರು. ಅಲ್ಲಿ ಒಗೆದ ಬಟ್ಟೆ ಒಣಗುವ ಬದಲು ಮುಗ್ಗುತ್ತಿತ್ತು. ಒಲೆ ಹೊಗೆ ಅಡುಗೆ ಮನೆಯಿಂದ ನಡುಮನೆಗೆ ಬಂದು ನೆಂಟರ ಹಾಗೆ ಕೂರುತ್ತಿತ್ತು.

ಕೇರಿಯ ತಿರುವಿನಲ್ಲಿ ಹುಣಸೆ ಮರದಡಿ ಜವನಮ್ಮನ ಇಸ್ತ್ರಿ ಬಂಡಿ. ನನಗಿಂತ ಹತ್ತು ವರ್ಷ ದೊಡ್ಡವಳು, ನಾಲಿಗೆಯಂತೂ ನನಗಿಂತ ಉದ್ದ. ಇದ್ದಿಲ ಇಸ್ತ್ರಿ ಪೆಟ್ಟಿಗೆ ಅವಳದು. ಇದ್ದಿಲಿಗೆ ಗಾಳಿ ಬೇಕು. ಗಾಳಿಯಿಲ್ಲದೆ ಅದು ಬೂದಿ ಹೊದ್ದು ಮಲಗಿಬಿಡುತ್ತದೆ. ಬಂಡಿ ಮುಚ್ಚುತ್ತೇನೆ ಅಂತ ವರ್ಷವೆಲ್ಲ ಹೇಳುತ್ತಿದ್ದವಳು, ಒಂದು ದಿನ ನಾನು ಅಂಗಿ ಕೊಡಲು ಹೋದರೆ ಬಟ್ಟೆಗಳ ರಾಶಿಯ ನಡುವೆ ನಗುತ್ತಾ ನಿಂತಿದ್ದಾಳೆ.

‘ಏನಕ್ಕ, ಪೆಟ್ಟಿಗೆ ಕೆಂಪಗೈತೆ?’ ಅಂದೆ.

‘ನಿನ್ನ ಜಂಬದಿಂದ ಅಲ್ಲ ಕಣೋ. ಸಾಹೇಬ್ರು ಕೊಡ್ತಾರೆ.’

‘ಯಾವ ಸಾಹೇಬ್ರು?’

‘ಗಾಳಿ ಸಾಹೇಬ್ರು. ನಿಂತ್ಕೋ, ಬರೋ ಹೊತ್ತಾಯ್ತು. ಕಣ್ಣಲ್ಲೇ ನೋಡೀಯಂತೆ.’

ಹನ್ನೊಂದಕ್ಕೆ ಪರಶಿವಮೂರ್ತಿಯವರ ಬಿಳಿ ಕಾರು ತಿರುವಿಗೆ ಬಂತು. ಅದು ಕಾಣುತ್ತಲೇ ಕೇರಿ ಎದ್ದು ನಿಂತಿತು. ಹೆಂಗಸರು ಒದ್ದೆ ಸೀರೆ ಹಿಡಿದು ಬಾಗಿಲಿಗೆ ಬಂದರು, ಯಾರೋ ತೊಟ್ಟಿಲನ್ನೇ ಜಗುಲಿಗೆ ತಂದರು, ಒಬ್ಬ ಮುದುಕ ಅಂಗಿಯ ಗುಂಡಿ ಬಿಚ್ಚಿಕೊಂಡ. ಕಾರು ತಿರುವಿನಲ್ಲಿ ನಿಧಾನಿಸಿ ಮತ್ತೆ ವೇಗ ಹಿಡಿಯುವಾಗ ‘ಸುಯ್’ ಅಂದಿತು. ಸೀರೆಗಳು ಒಮ್ಮೆಲೇ ಉಬ್ಬಿದವು. ಬಂಡಿಯ ಕೆಂಡ ಕಣ್ಣು ಬಿಟ್ಟಿತು. ಜವನಮ್ಮ ಹೋಗುತ್ತಿದ್ದ ಕಾರಿನ ಬೆನ್ನಿಗೆ ಕೈ ಮುಗಿದಳು.

‘ಕಚೇರಿಗೆ ಬೇರೆ ದಾರಿ ಐತೆ, ಆದ್ರೂ ನಮ್ಮ ಕೇರಿ ಮೇಲೇ ಬರ್ತಾರೆ,’ ಅಂದಳು. ‘ಶನಿವಾರದ್ದು ತಪ್ತದೆ ಅಂತ ಅವ್ರಿಗೂ ಗೊತ್ತು. ಕೈಯಾರೆ ತಂದು ಕೊಡ್ತಾವ್ರೆ. ಬಾಯಿ ಬಿಟ್ಟು ಹೇಳ್ಕೊಳಲ್ಲ, ದೊಡ್ಡ ಮನುಷ್ರು.’

ಮುಖ್ಯ ರಸ್ತೆ ಅಗೆದು ಹಾಕಿದ್ದಕ್ಕೆ ಸಾಹೇಬರು ಈ ದಾರಿ ಹಿಡಿದಿದ್ದು ಅಂತ ನನಗೆ ಗೊತ್ತಿತ್ತು. ಇನ್ನೂ ಒಂದು ಗೊತ್ತಾಗಿತ್ತು. ಆ ಸುಯ್ ಕೇಳಿದ ಕ್ಷಣವೇ ನನ್ನ ಕಿವಿ ಹೇಳಿತು: ಬಲಗಡೆ ತುದಿ, ಕೆಳಮೂಲೆ, ಬೆಸುಗೆಯ ಅಂಚಿನಲ್ಲಿ ಬಿರುಕು. ಕಳ್ಳಗಾಳಿ ಹಿಡಿಯುವವರ ಕಾರಿನಲ್ಲೇ ಸೋರಿಕೆ. ನನಗೆ ಆದ ಸಂತೋಷ ಹೇಗೆ ಹೇಳಲಿ? ಈ ಕಾರು ಇವತ್ತಲ್ಲ ನಾಳೆ ಏರಿನಲ್ಲಿ ನಿಲ್ಲುತ್ತದೆ. ನನ್ನ ಅಂಗಡಿಗೇ ಬರುತ್ತದೆ. ಊರೆಲ್ಲ ನೋಡುತ್ತಿರುವಾಗ ತೊಟ್ಟಿಯಿಂದ ಗುಳ್ಳೆ ಏಳುತ್ತದೆ. ಆಮೇಲೆ ಈ ಊರು ಇರುವವರೆಗೂ ಬೋರಲಿಂಗನ ಹೆಸರು ಇರುತ್ತದೆ, ಮುನೀರ್ ಸಾಬ್ರು ಚಹಾ ತಂದು ಕೈಗೆ ಕೊಟ್ಟು ಹೋಗುತ್ತಾರೆ. ಅಷ್ಟು ದೂರ ಯೋಚಿಸಿದವನಿಗೆ ಜವನಮ್ಮನ ಕೆಂಡದ ಯೋಚನೆ ಬರಲಿಲ್ಲ. ಅಂಗಿಯ ಮಡಿಕೆ ಚೆನ್ನಾಗಿ ಬಂದಿತ್ತು, ಹಾಕಿಕೊಂಡು ಬಂದೆ.

ನಾನಂದಂತೆಯೇ ಆಯಿತು. ರಾಜಧಾನಿಯಿಂದ ಯಾರೋ ದೊಡ್ಡವರು ಗಾಳಿಮನೆ ನೋಡಲು ಬಂದರು. ಅವರನ್ನು ಕೂರಿಸಿಕೊಂಡು ಸೂಪರಿಂಟೆಂಡೆಂಟರ ಕಾರು ಗುಡ್ಡ ಹತ್ತುತ್ತಿತ್ತು. ಅರ್ಧ ಏರಿನಲ್ಲಿ ಕರ್ರಗೆ ಹೊಗೆ ಬಿಟ್ಟು ನಿಂತಿತು. ಗಾಳಿಯಿಲ್ಲದ ಊರು, ಹೊಗೆ ಎಲ್ಲಿ ಹೋಗಬೇಕು? ದೊಡ್ಡವರ ಬಿಳಿ ಪೈಜಾಮದ ಸುತ್ತಲೇ ನಿಂತಿತು. ಅವರು ಇಳಿದು ನಡೆದು ಮೇಲೆ ಹೋದಾಗ ಮುಖ ಯಾವುದು, ಮೀಸೆ ಯಾವುದು ಅಂತ ಗೊತ್ತಾಗುತ್ತಿರಲಿಲ್ಲವಂತೆ. ಈಗಲೂ ಆ ಏರಿನಲ್ಲಿ ಹೊಗೆಯ ನಡುವೆ ಅವರ ಆಕಾರದ ಖಾಲಿ ಜಾಗ ಇದೆ, ಬಂದವರಿಗೆ ತೋರಿಸುತ್ತೇವೆ.

ಕಾರನ್ನು ನನ್ನ ಅಂಗಡಿಗೆ ಎಳೆದು ತಂದು ಹಾಕಿದರು. ಸಾಹೇಬರು ಊರಿಗೆ ಮುಖ ತೋರಿಸದೆ ಎರಡು ದಿನ ಬಂಗಲೆಯಲ್ಲಿದ್ದು, ಮೂರನೇ ದಿನ ಬಂದರು. ಹಿಂದೆ ಅರ್ಧ ಊರು ಬಂತು. ಮುನೀರ್ ಸಾಬ್ರು ಬೆಂಚು ಹೊರಗೆ ಹಾಕಿ ಕೂತರು.

‘ಬೋರಣ್ಣ, ಇವತ್ತು ಕಾರಿನ ಪರೀಕ್ಷೆ ಅಲ್ಲ, ನಿನ್ನ ಕಿವೀದು,’ ಅಂದರು.

‘ನಿಮ್ಮ ಚಹಾದಲ್ಲಿ ನೀರೆಷ್ಟು ಹಾಲೆಷ್ಟು ಅಂತ ಇಲ್ಲಿಂದ್ಲೇ ಕೇಳಿಸ್ತದೆ ಸಾಬ್ರೆ. ಹೇಳ್ಲಾ?’ ಅಂದೆ. ಅವರು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು.

ಪರಶಿವಮೂರ್ತಿಯವರು ತೊಟ್ಟಿಯ ಪಕ್ಕ ಕುರ್ಚಿ ಹಾಕಿಸಿಕೊಂಡರು. ‘ಬೋರಲಿಂಗ, ನನ್ನ ಕಾರಿನಲ್ಲಿ ಸೋರಿಕೆ ಇರೋಕೆ ಸಾಧ್ಯ ಇಲ್ಲ. ಆದ್ರೂ ನೋಡು. ಇದ್ರೆ ಈಗ್ಲೇ ಬೆಸುಗೆ ಹಾಕಿಸಿ ಕಲ್ಲಿನ ಹಾಗೆ ಮಾಡು. ನಾಳೆಯಿಂದ ನನ್ನ ಗಾಡಿಯಿಂದ ಒಂದು ತೊಟ್ಟು ಗಾಳಿ ಹೊರಗೆ ಬರಬಾರದು.’

‘ನೋಡೋದೇನು ಸಾರ್, ನಂಗೆ ಆಗ್ಲೇ…’ ಅಂತ ಬಾಯಿ ತೆಗೆದೆ. ಬಲಗಡೆ, ಕೆಳಮೂಲೆ, ಬೆಸುಗೆ. ಮೂರು ಮಾತು ನಾಲಿಗೆಯ ಮೇಲೆ ಸಾಲಾಗಿ ನಿಂತಿದ್ದವು. ಅಷ್ಟರಲ್ಲಿ ಜನರ ನಡುವೆ ಜಾಗ ಮಾಡಿಕೊಂಡು ಜವನಮ್ಮ ಬಂದಳು. ಹಿಂದೆ ಬಾಲದ ಕೇರಿಯ ಏಳೆಂಟು ಜನ. ಅವಳ ಕೈಯಲ್ಲಿ ಬಾಳೆ ನಾರಿನಲ್ಲಿ ಕಟ್ಟಿದ ಚೆಂಡು ಹೂವಿನ ಹಾರ.

‘ಬೋರ,’ ಅಂತ ನನ್ನ ಕಿವಿಯ ಹತ್ತಿರ ಬಂದಳು. ಅವಳ ಸೆರಗಿನಲ್ಲಿ ಮುಗ್ಗಿದ ಬಟ್ಟೆಯ ವಾಸನೆ. ‘ಕಾರು ಬರ್ದೆ ಮೂರು ದಿನ ಆಯ್ತು. ಪೆಟ್ಟಿಗೆ ತಣ್ಣಗೈತೆ. ಅಂಗಡಿಯೋರು ಬಟ್ಟೆ ಗಂಟು ವಾಪಸ್ ತಗೊಂಡೋದ್ರು. ನಾಳೆಯಾದ್ರೂ ಸಾಹೇಬ್ರು ಆ ಕಡೆ ಬರೋ ಹಂಗೆ ಬೇಗ ರಿಪೇರಿ ಮಾಡಿ ಕೊಡಪ್ಪ. ನಿಂಗೆ ಪುಣ್ಯ ಬತ್ತದೆ.’

ನೋಡಿ ಇವಳ ತಪ್ಪು. ರಿಪೇರಿ ಆದ ಕ್ಷಣ ಅವಳ ಕೆಂಡ ಶಾಶ್ವತವಾಗಿ ಆರುತ್ತದೆ, ಅದನ್ನೇ ಬೇಗ ಮಾಡು ಅಂತ ಬೇಡಿಕೊಳ್ಳುತ್ತಾಳೆ. ಹೇಳೋಣ ಅಂದರೆ ಹೇಳುವುದು ಹೇಗೆ? ಸಾಹೇಬರು ಒಂದು ಮಾರು ದೂರದಲ್ಲಿ ಮೀಸೆ ತಿರುವುತ್ತಿದ್ದಾರೆ.

‘ಏನದು? ಆಗ್ಲೇ ಏನು ಅಂದೆ?’ ಅಂತ ಸಾಹೇಬರು ಕೇಳಿದರು.

‘ಆಗ್ಲೇ ಪಂಪು ರೆಡಿ ಮಾಡಿಟ್ಟಿದ್ದೀನಿ ಅಂದೆ ಸಾರ್.’

ಕಾರಿನ ಪೆಟ್ಟಿಗೆ ಬಿಚ್ಚಿದೆ. ಬೆರಳಲ್ಲಿ ತಡವಿದೆ, ಬಲಗಡೆ, ಕೆಳಮೂಲೆ, ಅದೇ ಜಾಗ. ನಾಲಿಗೆಗೆ ಹಲ್ಲಿನ ಸಂದಿ ತಾಗುವ ಹಾಗೆ ಬೆರಳಿಗೆ ತಾಗಿತು. ಅಷ್ಟು ಖಚಿತವಾಗಿ ಹೇಳಿದ್ದ ನನ್ನ ಕಿವಿಗೆ ಅಲ್ಲೇ ಮುತ್ತಿಡಬೇಕು ಅನ್ನಿಸಿತು, ಸ್ವಂತ ಕಿವಿಗೆ ಬಾಯಿ ಎಟುಕುವುದಿಲ್ಲ. ಬಿರಡೆ ಜಡಿದೆ, ಕ್ಲಿಪ್ಪು ಬಿಗಿದೆ, ಪಂಪು ಒತ್ತಿದೆ. ಇಪ್ಪತ್ತೈದು ಪೌಂಡು ಆಗುತ್ತಲೇ ಪಂಪು ನಿಲ್ಲಿಸಿ ಪೆಟ್ಟಿಗೆಯನ್ನು ತಬ್ಬಿ ನೀರಿಗೆ ಅದುಮಿದೆ. ಜನ ಬಗ್ಗಿದರು. ಆ ಬಗ್ಗುವ ಹೊತ್ತಿನಲ್ಲಿ ನನ್ನ ಬಲಗೈಯ ಹೆಬ್ಬೆರಳು ತನ್ನಷ್ಟಕ್ಕೆ ಹೋಗಿ ಬಿರುಕಿನ ಮೇಲೆ ಕೂತಿತು. ನಾನು ಕಳಿಸಲಿಲ್ಲ ಅಂತ ನಂಬುವವರು ನಂಬಿ.

ಇಲಾಖೆಯ ನಿಯಮ ಏನಂದರೆ, ಒಂದು ಎಲೆಯಡಿಕೆ ಹಾಕಿಕೊಂಡು ಅಗಿದು ಉಗಿಯುವವರೆಗೆ ಮುಳ್ಳು ಅಲ್ಲಾಡಬಾರದು. ನಿಯಮ ಮಾಡಿದವರೇ ಎದುರಿಗಿದ್ದರು. ಸಾಹೇಬರು ಬೆಳ್ಳಿ ಡಬ್ಬಿ ತೆಗೆದು ಎಲೆಯ ನಾರು ಬಿಡಿಸಿ, ಸುಣ್ಣ ಸವರಿ, ಅಡಿಕೆ ಇಟ್ಟು, ಯಾವ ಅವಸರವೂ ಇಲ್ಲದೆ ಅಗಿಯತೊಡಗಿದರು. ನನ್ನ ಹೆಬ್ಬೆರಳಿನ ಕೆಳಗೆ ಗಾಳಿ ಸೂಜಿಯಾಗಿ ಚುಚ್ಚುತ್ತಿತ್ತು. ಇಪ್ಪತ್ತೈದು ಪೌಂಡು ಅಂತ ಗೇಜು ಹೇಳುತ್ತಿತ್ತು. ಬೆರಳನ್ನು ಕೇಳಿದರೆ ಗುಡ್ಡದ ಮೇಲಿನ ಗಾಳಿಮನೆಯೇ ಅದರ ಮೇಲೆ ಕೂತ ಹಾಗಿತ್ತು. ಮುಖದಲ್ಲಿ ಏನೂ ಕಾಣಿಸಬಾರದಲ್ಲ, ಅದಕ್ಕೆ ಮಾತಾಡತೊಡಗಿದೆ. ಮೂರು ತಲೆಯ ಟರ್ಬೊ ಇದ್ದ ಟ್ರ್ಯಾಕ್ಟರನ್ನು ಬರೀ ಉಗುರಿನಲ್ಲಿ ಸರಿಮಾಡಿದ್ದು, ನನ್ನ ಪಂಪಿನ ಸದ್ದಿಗೆ ಒಬ್ಬ ಬಸುರಿಗೆ ಹೆರಿಗೆಯಾಗಿ ಮಗುವಿಗೆ ನನ್ನ ಹೆಸರಿಟ್ಟಿದ್ದು, ಎಲ್ಲ ಹೇಳಿದೆ. ಆ ಮಗು ಹೆಣ್ಣಲ್ವಾ ಅಂದರು ಮುನೀರ್ ಸಾಬ್ರು. ಹೆಣ್ಣಾದರೂ ಇಟ್ಟರು, ಅಷ್ಟು ಅಭಿಮಾನ ಅಂದೆ.

ಬೆರಳು ಮರಗಟ್ಟಿತು. ಮರಗಟ್ಟಿದ ಬೆರಳು ಒಂದು ಕೂದಲಿನಷ್ಟು ಜರುಗಿತು. ‘ಬುಳಕ್’ ಅಂತ ಒಂದು ಗುಳ್ಳೆ ಎದ್ದು ಸಾಹೇಬರ ಮೂಗಿನ ನೇರಕ್ಕೆ ಒಡೆಯಿತು.

ಅಗಿಯುವುದು ನಿಂತಿತು. ‘ಏನದು?’

ಜವನಮ್ಮ ಹಾರ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಅಲ್ಲಿಯವರೆಗೂ ನನಗೆ ಇನ್ನೊಂದು ದಾರಿ ತೆರೆದೇ ಇತ್ತು. ಬೆರಳು ಎತ್ತಿದರೆ ಸಾಕು, ಮುತ್ತಿನ ಸರದ ಹಾಗೆ ಗುಳ್ಳೆ ಬರುತ್ತದೆ, ನಾನು ಈ ಊರಿನ ಚರಿತ್ರೆಯಾಗುತ್ತೇನೆ. ಅಷ್ಟು ಸುಲಭವಾಗಿ ಅಷ್ಟು ದೊಡ್ಡ ಹೆಸರು ಇನ್ನೊಮ್ಮೆ ಸಿಗುವುದಿಲ್ಲ ಅಂತಲೂ ಗೊತ್ತಿತ್ತು. ನೀರಿನಲ್ಲಿ ದೊರೆಸಾನಿ ಪೆಟ್ಟಿಗೆಯನ್ನು ಸುತ್ತು ಹಾಕಿ ನನ್ನ ಹೆಬ್ಬೆರಳಿನ ಹತ್ತಿರ ಬಂದು ನಿಂತಿತ್ತು.

‘ಮೀನು ಸಾರ್,’ ಅಂದೆ. ‘ವಯಸ್ಸಾಗಿದೆ, ದೊಡ್ಡವ್ರ ಮುಂದೆ ತಡ್ಕೊಳಕ್ಕಾಗಲ್ಲ.’

ಜನ ನಕ್ಕರು. ಸಾಹೇಬರು ಮೀನನ್ನು ನೋಡಿದರು, ಮುಳ್ಳನ್ನು ನೋಡಿದರು. ಮುಳ್ಳು ಅಲ್ಲಾಡಿರಲಿಲ್ಲ. ಎದ್ದು ಚರಂಡಿಗೆ ಉಗಿದರು. ಮರುಕ್ಷಣವೇ ನಾನು ವಾಲ್ವು ಸಡಿಲಿಸಿದೆ. ಗಾಳಿ ನುಗ್ಗಿ ಬಂದು ಹೆಂಗಸರ ಕೂದಲು, ಸಾಬ್ರ ಟವೆಲ್ಲು, ಸಾಹೇಬರ ಮೀಸೆ ಎಲ್ಲ ಹಾರಿತು. ಪೆಟ್ಟಿಗೆ ಮೇಲೆತ್ತಿ ಹೇಳಿದೆ, ‘ಸೋರಿಕೆ ಇಲ್ಲ.’

ಹುಟ್ಟಿದಾಗಿನಿಂದ ನಾನು ಆಡಿದ ಅತಿ ಚಿಕ್ಕ ಸುಳ್ಳು ಅದು. ಅಷ್ಟು ಭಾರದ್ದೂ ಇನ್ನೊಂದಿಲ್ಲ.

‘ಸೋರಿಕೆ ಇಲ್ದೇನೇ ಕಾರು ಏರಲ್ಲಿ ನಿಂತ್ಬಿಡ್ತಾ? ಬೋರಣ್ಣಂಗೆ ವಯಸ್ಸಾಯ್ತು ಬಿಡಿ, ಮೀನಿಗೆ ಆದ ಹಾಗೆ,’ ಅಂದರು ಮುನೀರ್ ಸಾಬ್ರು. ಜನ ಮತ್ತೆ ನಕ್ಕರು. ಅವರ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ. ಸಾಹೇಬರು ಹುಬ್ಬು ಗಂಟಿಕ್ಕಿದರು. ‘ಮೇಲ್ಪೇಟೆಯಲ್ಲಿ ಹೊಸಬನೊಬ್ಬ ಬಂದಿದ್ದಾನಂತಲ್ಲ, ಸೋರಿಕೆ ಹಿಡಿಯೋ ಮೆಷಿನ್ ಇಟ್ಕೊಂಡು? ಅವನ ಹತ್ರಾನೂ ಒಂದ್ಸಲ ತೋರಿಸ್ತೀನಿ.’

ಮೆಷಿನ್ನಿಗೆ ಜವನಮ್ಮ ಯಾರು? ಏನಾದರೂ ಹೇಳಬೇಕು ಅಂತ ಬಾಯಿ ತೆರೆಯುವಷ್ಟರಲ್ಲಿ ಜವನಮ್ಮನೇ ಮುಂದೆ ಬಂದು ಹಾರವನ್ನು ಸಾಹೇಬರ ಕೊರಳಿಗೆ ಹಾಕಿಬಿಟ್ಟಳು.

‘ಸ್ವಾಮಿ, ಕಾರು ಹತ್ಲಿ ಬಿಡ್ಲಿ, ನಾಳೆ ನಮ್ಮ ಕೇರಿ ಮೇಲೆ ಬನ್ನಿ. ನೀವು ಬಂದು ಹೋದ್ರೆ ತಂಪಾಗಿ ಗಾಳಿ ಬರ್ತದೆ. ನೀವು ಹೇಳ್ಕೊಳಲ್ಲ, ಆದ್ರೆ ನಾವು ಮರ್ಯೋ ಜನ ಅಲ್ಲ.’

ಸಾಹೇಬರ ಮುಖದಲ್ಲಿ ಬಣ್ಣ ಇರಲಿಲ್ಲ. ಅವರದೇ ಕಾರು, ಅವರದೇ ಕಾನೂನು, ಸರದಿಯಿಲ್ಲದ ಕೇರಿ, ಗಾಳಿ. ಅರ್ಧ ಊರು ಸಾಕ್ಷಿ. ‘ನನ್ನ ಕಾರಿಂದ… ಗಾಳಿ?’ ಅಂದರು. ಆ ಧ್ವನಿ ಕೇಳಿದರೆ ಬಲೂನು ಊದಿದ ಮೇಷ್ಟ್ರಿಗೂ ಅಯ್ಯೋ ಅನ್ನಿಸುತ್ತಿತ್ತು. ಜವನಮ್ಮ ತಾನೇನು ಮಾಡಿದೆ ಅಂತ ಅರ್ಥವಾಗದೆ ಜನರ ಮುಖ ನೋಡಿದಳು.

ಇಂಥ ಹೊತ್ತಿಗಾಗಿಯೇ ದೇವರು ನನಗೆ ಈ ನಾಲಿಗೆ ಕೊಟ್ಟಿದ್ದು.

‘ಕಾರಿಂದ ಹೇಗೆ ಬರ್ತದೆ ಸಾರ್?’ ಅಂದೆ. ‘ಮುಳ್ಳು ಅಲ್ಲಾಡಲಿಲ್ಲ, ಈಗ್ತಾನೇ ಎಲ್ರೂ ನೋಡಿದ್ರಿ. ಕಾರು ಕಲ್ಲಿನ ಹಾಗಿದೆ. ಆದ್ರೂ ಕೇರೀಲಿ ಗಾಳಿ ಬಂದಿದೆ, ಸೀರೆ ಹಾರಿದೆ, ಕೆಂಡ ಉರಿದಿದೆ. ಕಾರಲ್ಲಿ ಇದ್ದೋರು ಯಾರು?’

‘ನಾನೊಬ್ಬನೇ,’ ಅಂದರು ಸಾಹೇಬರು.

‘ಮತ್ತೆ?’

ನಾನು ಮುಂದೆ ಏನೂ ಹೇಳಲಿಲ್ಲ. ಹೇಳಬೇಕಾಗಲಿಲ್ಲ. ಸಾಹೇಬರು ತಮ್ಮ ಕೈಗಳನ್ನು ನೋಡಿಕೊಂಡರು. ಕೊರಳ ಹಾರ ಸರಿಮಾಡಿಕೊಂಡರು. ಕಳೆದುಹೋಗಿದ್ದ ಬಣ್ಣ ಮೀಸೆಯ ಬುಡದಿಂದ ಮೇಲಕ್ಕೆ ಏರಿತು. ‘ನನಗೂ ಒಂದೊಂದ್ಸಲ ಅನ್ನಿಸಿತ್ತು,’ ಅಂದರು ಮೆಲ್ಲಗೆ. ‘ಚಿಕ್ಕಂದಿನಲ್ಲಿ ನಮ್ಮಜ್ಜಿ ಹೇಳೋಳು, ಈ ಹುಡುಗ ಬಂದ್ರೆ ಮನೇಲಿ ದೀಪ ಅಲ್ಲಾಡ್ತದೆ ಅಂತ.’

‘ಹೇಳೇ ಹೇಳಿರ್ತಾರೆ ಸಾರ್.’

‘ಆದ್ರೆ ಗುಡ್ಡ ಯಾಕೆ ಹತ್ಲಿಲ್ಲ?’

‘ನಿಮ್ಮಂಥೋರನ್ನ ಹೊತ್ತು ಹತ್ತೋದಕ್ಕೆ ಬೇರೆ ಥರದ ಗಾಡಿ ಬೇಕು, ಅದನ್ನ ಇನ್ನೂ ಯಾರೂ ಮಾಡಿಲ್ಲ. ಆದ್ರೆ ನೀವ್ಯಾಕೆ ಹತ್ತಬೇಕು? ನಿಮ್ಮನ್ನ ನೋಡ್ಬೇಕಾದೋರು ಕೆಳಗೆ ಬರ್ಲಿ.’

ಮೇಲ್ಪೇಟೆಯ ಮೆಷಿನ್ನಿನ ಮಾತು ಅಲ್ಲಿಗೆ ಮುಗಿಯಿತು. ಅಂಥ ಮೆಷಿನ್ನಿನಲ್ಲಿ ಅಳೆಯುವ ವಿಷಯ ಇದಲ್ಲ ಅಂತ ಸಾಹೇಬರೇ ಹೇಳಿದರು. ಕಾರಿನ ಮೂತಿಗೆ ನಾನೇ ಹಸಿರು ಬೊಟ್ಟು ಇಟ್ಟೆ, ಸ್ವಲ್ಪ ದೊಡ್ಡದಾಗಿಯೇ.

ಅಲ್ಲಿಂದ ಮುಂದಿನದನ್ನು ಊರಿಗೆ ಬಂದರೆ ನೀವೇ ನೋಡಬಹುದು. ಮುಖ್ಯ ರಸ್ತೆ ರಿಪೇರಿಯಾಗಿ ವರ್ಷ ಕಳೆದರೂ ಪರಶಿವಮೂರ್ತಿಯವರು ಬಾಲದ ಕೇರಿಯ ಮೇಲೇ ಹೋಗುತ್ತಾರೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಕಿಟಕಿಯಿಂದ ಕೈ ಹೊರಗಿಟ್ಟು ಬೆರಳು ಬಿಡಿಸಿಕೊಂಡು. ಬೆರಳ ಸಂದಿಯಿಂದ ಬರುತ್ತದೆ ಅಂತ ಅವರ ಅಂದಾಜು. ಅವರ ಕೆಳಗಿನ ಅಧಿಕಾರಿಗಳಿಗೆ ಇದನ್ನು ಸಹಿಸಲಾಗಲಿಲ್ಲ. ಒಬ್ಬೊಬ್ಬರಾಗಿ ಕೇರಿಯಲ್ಲಿ ಕಾರು ಓಡಿಸಿ ಕೈ ಹೊರಗೆ ಹಾಕಿ ನೋಡಿದರು. ಒಬ್ಬ ಸಹಾಯಕ ಸೂಪರಿಂಟೆಂಡೆಂಟ್ ಎರಡೂ ಕೈ ಹೊರಗೆ ಹಾಕಿ ಹುಣಸೆ ಮರಕ್ಕೆ ಗುದ್ದಿದ. ಎಲೆ ಉದುರಿತು, ಗಾಳಿ ಬರಲಿಲ್ಲ. ಅವನ ಕಾರಿಗೆ ಬೆಸುಗೆ ಹಾಕಿಕೊಟ್ಟವನು ನಾನೇ, ಗಾಳಿ ಹೇಗೆ ಬಂದೀತು? ಆಮೇಲೆ ಪರಶಿವಮೂರ್ತಿಯವರ ಅಂಗೈಯ ಚಿತ್ರ ಗಾಳಿಮನೆಯ ಗೋಡೆಗೆ ಬಂತು.

ಈಗ ನನ್ನ ಕಷ್ಟ ಕೇಳಿ. ಬಿರುಕು ಅನ್ನುವುದು ಇದ್ದ ಹಾಗೇ ಇರುವುದಿಲ್ಲ, ಬೆಳೆಯುತ್ತದೆ. ದೊಡ್ಡದಾದರೆ ಕಾರು ನಿಲ್ಲುತ್ತದೆ, ದೂಳು ಕೂತು ಮುಚ್ಚಿದರೆ ಕೆಂಡ ಆರುತ್ತದೆ. ಈಗ ಡಬ್ಬಿ ಬಂಗಲೆಗೆ ಹೋಗುವುದಿಲ್ಲ, ತಿಂಗಳಿಗೊಮ್ಮೆ ಸಾಹೇಬರ ಕಾರೇ ಬೊಟ್ಟಿಗೆ ಬರುತ್ತದೆ. ಆಗ ನಾನು ಒಬ್ಬನೇ ಅದರ ಮುಂದೆ ಮಂಡಿಯೂರುತ್ತೇನೆ. ಒಂದು ಚೂರು ಅಂಟು ಮೆತ್ತುತ್ತೇನೆ, ಒಂದು ಚೂರು ಕೆರೆಯುತ್ತೇನೆ, ಕಿವಿಯಿಟ್ಟು ಕೇಳುತ್ತೇನೆ. ಸೀರೆ ಒಣಗಬೇಕು, ತೊಟ್ಟಿಲ ಮಗು ಬೆಚ್ಚಬಾರದು, ಇಸ್ತ್ರಿ ಪೆಟ್ಟಿಗೆ ಕೆಂಪಾಗಬೇಕು, ಸಾಹೇಬರು ಕಚೇರಿ ಮುಟ್ಟಬೇಕು. ಇಷ್ಟಕ್ಕೂ ಸರಿಯಾದ ಒಂದೇ ಒಂದು ಅಳತೆ ಇದೆ. ಸೋರಿಕೆ ಮುಚ್ಚುವವರು ಭೂಮಿಯ ಮೇಲೆ ಸಾವಿರ ಜನ ಇದ್ದಾರು. ಸೋರಿಕೆಯನ್ನು ಸಾಕುವವನು ನಾನೊಬ್ಬನೇ. ಮೂರು ಲೋಕದಲ್ಲೂ ಇಂಥ ಕೈಚಳಕ ಇಲ್ಲ, ಇದ್ದರೆ ಕರೆದುಕೊಂಡು ಬನ್ನಿ.

ಆದರೆ ಇದನ್ನು ನಮ್ಮೂರಲ್ಲಿ ಯಾರಿಗೂ ಹೇಳುವಂತಿಲ್ಲ. ಮಾಡದೇ ಇದ್ದದ್ದನ್ನೆಲ್ಲ ಹೇಳಿಕೊಂಡು ಬದುಕಿದವನು ನಾನು. ಮಾಡಿದ್ದು ಇದೊಂದು, ಬಾಯಿ ಮುಚ್ಚಿಕೊಂಡಿರಬೇಕು. ಅವತ್ತಿನಿಂದ ಬೋರಲಿಂಗನ ಕಿವಿ ಹೋಯಿತು ಅಂತ ಊರೆಲ್ಲ ಮಾತು. ಒಳ್ಳೊಳ್ಳೆಯ ಗಾಡಿಗಳು ಮೇಲ್ಪೇಟೆಯ ಮೆಷಿನ್ನಿಗೆ ಹೋಗುತ್ತವೆ. ಮುನೀರ್ ಸಾಬ್ರು ದಿನಾ ಚಹಾ ಕೊಡುವಾಗ ಲೋಟದ ಹತ್ತಿರ ಬಗ್ಗಿ, ‘ಕೇಳಿಸ್ತಾ ಇದೆಯಾ ಬೋರಣ್ಣ, ಹಾಲೆಷ್ಟು ನೀರೆಷ್ಟು?’ ಅಂತ ಕೂಗಿ ಕೇಳುತ್ತಾರೆ. ಕುಡಿದು ಲೋಟ ಕೆಳಗಿಡುತ್ತೇನೆ. ಈಚೆಗೆ ಹಾಲು ತೀರ ಕಡಿಮೆ.

ಮೊನ್ನೆ ಅಂಗಿ ತರಲು ಹುಣಸೆ ಮರದಡಿಗೆ ಹೋಗಿದ್ದೆ. ಹನ್ನೊಂದಾಗಿತ್ತು. ಕಾರು ಬಂತು, ಬೆರಳು ಬಿಡಿಸಿದ ಕೈ ಕಿಟಕಿಯಲ್ಲಿ ಹಾದುಹೋಯಿತು, ‘ಸುಯ್’ ಅಂದಿತು. ಆ ಸದ್ದು ನಾನು ಕೆರೆದಷ್ಟೇ, ಮೆತ್ತಿದಷ್ಟೇ, ಒಂದು ಕೂದಲು ಹೆಚ್ಚಿಲ್ಲ, ಕಡಿಮೆಯಿಲ್ಲ. ಕೆಂಡ ಅರಳಿತು. ಜವನಮ್ಮ ಕಾರಿನ ಬೆನ್ನಿಗೆ ಕೈ ಮುಗಿದು, ಪೆಟ್ಟಿಗೆಯನ್ನು ನನ್ನ ಅಂಗಿಯ ಬೆನ್ನ ಮೇಲೆ ಎಳೆಯುತ್ತಾ ಹೇಳಿದಳು:

‘ನೋಡಿ ಕಲ್ತ್ಕೋ ಬೋರ. ಇಷ್ಟು ಮಾಡಿದ್ರೂ ಒಂದು ದಿನ ತನ್ನ ಬಾಯಲ್ಲಿ ನಾನು ಮಾಡ್ದೆ ಅಂದೋರಲ್ಲ. ನೀನಾಗಿದ್ರೆ ಮೂರು ಊರಿಗೆ ಡಂಗುರ ಹೊಡ್ಸಿರ್ತಿದ್ದೆ.’

ನನ್ನ ಬಲಗೈ ಹೆಬ್ಬೆರಳಿನಲ್ಲಿ ಆ ದಿನದ ಗೆರೆ ಇನ್ನೂ ಇದೆ, ಕೂದಲೆಳೆಯಷ್ಟು. ಅದನ್ನು ಅಂಗೈಯೊಳಗೆ ಮಡಿಚಿಕೊಂಡೆ.

‘ಹೌದು ಕಣಕ್ಕ,’ ಅಂದೆ. ‘ಕಾಲರಿಗೆ ಸ್ವಲ್ಪ ಗಟ್ಟಿಯಾಗಿ ಒತ್ತು.’